ಭಾನುವಾರ ಸಂಜೆ 6ಕ್ಕೆ ಪರ್ಲ್ ವೈಟ್: ನೋಡಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಆನ್‌ಲೈನ್ ಚರ್ಚೆ ಮೂಕಿ ಧಾರಾವಾಹಿಗಳ ನಟಿ ಪರ್ಲ್ ವೈಟ್ ಬಗ್ಗೆ. ಅದಕ್ಕೆ ಮೊದಲು 'ದಿ ಪೆರಿಲ್ಸ್ ಆಫ್ ಪಾಲಿನ್' (1914) ನೋಡಿರಬೇಕು. ಇದೇ ಹೆಸರಿನ 1933 ಮತ್ತು 1947ರ ಚಿತ್ರಗಳೂ ಇವೆ, ಹುಡುಕುವಾಗ ವರ್ಷ ನೋಡಿಕೊಳ್ಳಿ.

ಮೂಲದಲ್ಲಿ 20 ಕಂತು. ಈಗ ಸಿಗುವುದು ಯುರೋಪಿಗೆಂದು ಕತ್ತರಿಸಿದ 9 ಕಂತಿನ ಆವೃತ್ತಿ, ಉಳಿದದ್ದಕ್ಕೆ ಹುಡುಕಾಡಬೇಡಿ. ಮೂಲದ ಖಳ ಓವನ್ ಇದರಲ್ಲಿ ಕೋರ್ನರ್ ಆಗಿದ್ದಾನೆ, ಇಬ್ಬರೂ ಒಬ್ಬನೇ. ಪಾತ್ರಗಳು ಗಡಿಬಿಡಿಯಲ್ಲಿ ಓಡಿದಂತೆ ಕಂಡರೆ ವೇಗ 0.75ಕ್ಕೆ ಇಳಿಸಿ: ಆಗ ಕ್ಯಾಮೆರಾ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಚೌಕಟ್ಟು (ಫ್ರೇಮ್). 24ರಲ್ಲಿ ಓಡಿಸಿದರೆ ಹಾಗಾಗುತ್ತದೆ.

ಧಾರಾವಾಹಿ ತಾರೆಯಾಗಿ ಪರ್ಲ್ ವೈಟ್ ಮೆರೆದದ್ದು ಹತ್ತು ವರ್ಷವೂ ಇಲ್ಲ. ಕೊನೆಯ ಧಾರಾವಾಹಿ 'ಪ್ಲಂಡರ್' (1923). ಅದರ ಚಿತ್ರೀಕರಣದಲ್ಲಿ, 1922ರಲ್ಲಿ, ಆಕೆಯ ಬದಲಿಗೆ ಬಸ್ಸಿನ ಮೇಲಿಂದ ಜಿಗಿದ ಜಾನ್ ಸ್ಟೀವನ್ಸನ್ ಸತ್ತರು. ಅಪಾಯದ ದೃಶ್ಯಗಳನ್ನೆಲ್ಲ ನಾಯಕಿಯೇ ಮಾಡುತ್ತಾಳೆ ಎಂಬ ಪ್ರಚಾರದ ಬಂಡವಾಳ ಬಯಲಾದದ್ದು ಆಗಲೇ. ಚರ್ಚೆಯ ಹೆಚ್ಚಿನ ಹೊತ್ತು ಇದಕ್ಕೇ ಇರಲಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ 'ಬರುತ್ತೇನೆ' ಎಂದು ಹಾಕಿ. ವಿಡಿಯೊ ಕಡತಗಳನ್ನು ದಯವಿಟ್ಟು ಗುಂಪಿಗೆ ಹಾಕಬೇಡಿ, ಕೊಂಡಿ ಸಾಕು.