ಎರಡು ಕಾಲಮ್ಮಿನ ಪಟ್ಟಿಯ ಬಗ್ಗೆ ಪುಟ್ಟಿಗೆ ಒಂದು ಕಾಗದ

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಅಮೆರಿಕದ ಸಿರಕ್ಯೂಸ್‌ನಿಂದ ನೀನು ಕಳುಹಿಸಿದ, ಅಲ್ಲಿನ ಮೂಲನಿವಾಸಿಗಳ ಬಗೆಗಿನ ಪಾಠದ ಕರಡನ್ನು ಮೊಬೈಲಿನಲ್ಲಿ ಓದಲಾಗದೆ, ಪೇಟೆಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಓದಿದೆ. ನಾಲ್ಕನೆಯ ತರಗತಿಯ ಮಕ್ಕಳಿಗೆಂದು ನೀನು ಹಾಕಿರುವ ಪಟ್ಟಿ ಬಹಳ ಅಚ್ಚುಕಟ್ಟಾಗಿದೆ. ಎಡಕ್ಕೆ ಇರೊಕ್ವಾಯ್: ಬೇಸಾಯ, ಉದ್ದಮನೆ, ತಾಯಿಯ ಕುಲ. ಬಲಕ್ಕೆ ಅಲ್ಗಾಂಕ್ವಿಯನ್: ಬೇಟೆ, ವಿಗ್ವಾಮ್ ಎಂಬ ಗುಡಿಸಲು, ತಂದೆಯ ಕುಲ. ಮೇಷ್ಟರಾಗಿದ್ದಾಗ ಇಂಥ ಪಟ್ಟಿಗಳನ್ನು ನಾನೂ ಕಪ್ಪುಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಬರೆದಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆದರು. ಆ ಪಾಪದ ನೆನಪಿನಿಂದಲೇ ಈ ಕಾಗದ.

ನಿನ್ನ ಎರಡು ತಲೆಬರಹಗಳು ಒಂದೇ ತೂಕದವಲ್ಲ. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳು ಕಟ್ಟಿಕೊಂಡ ಒಕ್ಕೂಟಕ್ಕೆ ಹೊರಗಿನವರು ಇಟ್ಟ ಹೆಸರು ಇರೊಕ್ವಾಯ್. 1722ರ ಸುಮಾರಿಗೆ ಟಸ್ಕರೋರರೂ ಸೇರಿ ಆರಾದರು. ಅವರು ತಮ್ಮನ್ನು ಕರೆದುಕೊಳ್ಳುವುದು ಹೋಡಿನೊಶೋನಿ ಎಂದು, ಅಂದರೆ ಉದ್ದಮನೆಯ ಜನ. ಅಲ್ಗಾಂಕ್ವಿಯನ್ ಎಂಬುದಾದರೋ ಒಂದು ಭಾಷಾ ಕುಟುಂಬ. ಅಟ್ಲಾಂಟಿಕ್ ತೀರದ ಮಿಕ್‌ಮಾಕ್, ಉತ್ತರದ ಕ್ರೀ, ಸುಪೀರಿಯರ್ ಸರೋವರದ ಒಜಿಬ್ವೆ, ವರ್ಜೀನಿಯದ ಪೌಹಾಟನ್, ಎಲ್ಲರೂ ಅದರೊಳಗೆ ಬರುತ್ತಾರೆ. ಒಂದು ಕಡೆ ಮರಾಠರು, ಇನ್ನೊಂದು ಕಡೆ ದ್ರಾವಿಡರು ಎಂದು ಬರೆದು ಹೋಲಿಸಿದಂತಾಯಿತು. ಇನ್ನು ಹ್ಯೂರಾನರನ್ನು ಎಲ್ಲಿಡುತ್ತೀಯೆ? ಅವರ ಮಾತು ಇರೊಕ್ವಾಯ್ ಬಳಗದ್ದೇ, ಮನೆಯೂ ಉದ್ದಮನೆಯೇ. ಆದರೆ 1649ರಲ್ಲಿ ಅವರ ಊರುಗಳನ್ನು ಹಾಳುಗೆಡವಿದವರು ಈ ಒಕ್ಕೂಟದವರೇ.

ಬೇಸಾಯ, ಬೇಟೆ ಎಂದು ಬರೆಯುವ ಮುನ್ನ ಮಕ್ಕಳಿಗೆ ಚಳಿಯನ್ನು ತೋರಿಸು. ಮುಸುಕಿನ ಜೋಳಕ್ಕೆ ಹಿಮ ಕೊರೆಯದ ನಾಲ್ಕು ತಿಂಗಳಾದರೂ ಸಿಗಬೇಕು. ನಿನ್ನ ಊರಿನ ಸುತ್ತ ಅದು ಸಿಗುತ್ತದೆ. ಅಲ್ಲಿನ ಹೆಂಗಸರು ಮಣ್ಣಿನ ಗುಡ್ಡೆಯಲ್ಲಿ ಜೋಳ ಊರಿ, ಅದರ ದಂಟಿಗೆ ಬೀನ್ಸ್ ಬಳ್ಳಿ ಹಬ್ಬಿಸಿ, ನೆಲಕ್ಕೆ ಕುಂಬಳ ಹರಡಿದರು. ಬೀನ್ಸಿನ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕುಂಬಳದ ಎಲೆ ತೇವ ಕಾಯುತ್ತದೆ. ಮೂವರು ಅಕ್ಕತಂಗಿಯರು ಎಂದು ಅವರು ಹೇಳುವ ಈ ಬೆಳೆ, ನಮ್ಮ ಬಯಲುಸೀಮೆಯ ಅಕ್ಕಡಿ ಸಾಲು ನೋಡಿದವರಿಗೆ ಹೊಸದೆನಿಸುವುದಿಲ್ಲ. ಇನ್ನೂ ಉತ್ತರಕ್ಕೆ ಹೋದರೆ ಆ ನಾಲ್ಕು ತಿಂಗಳು ಸಿಗುವುದಿಲ್ಲ. ಅಲ್ಲಿನ ಕ್ರೀ ಜನ ಹಿಮಪಾದುಕೆ ಕಟ್ಟಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದರು. ಸರೋವರಗಳ ನಾಡಿನ ಒಜಿಬ್ವೆಗಳು ಬೇಸಿಗೆಯ ಕೊನೆಗೆ ದೋಣಿಯಲ್ಲಿ ಹೋಗಿ, ನೀರಿನಲ್ಲೇ ಬೆಳೆದ ಕಾಡುಭತ್ತದ ತೆನೆಯನ್ನು ಬಗ್ಗಿಸಿ ಕೋಲಿನಿಂದ ಬಡಿದು ತುಂಬಿಕೊಂಡರು; ಒಂದಷ್ಟು ಕಾಳು ನೀರಿಗೆ ಬಿದ್ದು ಮುಂದಿನ ಬೆಳೆಗೆ ಬೀಜವಾಯಿತು. ತೆಂಕಣದ ಅಲ್ಗಾಂಕ್ವಿಯನ್ನರು, ವಾಂಪನೋಗ್ ಆಗಲಿ ಪೌಹಾಟನ್ ಆಗಲಿ, ಜೋಳ ಬೆಳೆದವರೇ. ಕುಂಬಳದ ಜಾತಿಗೆ ಹೇಳುವ ಸ್ಕ್ವಾಷ್ ಎಂಬ ಪದವೇ ಅವರ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು!

ದೋಣಿಯ ಕಥೆಯೂ ಹೀಗೆಯೇ. ದೋಣಿಗೆ ಒಪ್ಪುವ ದೊಡ್ಡ ಬರ್ಚ್ ಮರಗಳು ಉತ್ತರಕ್ಕೆ ಹೆಚ್ಚು. ಅದರ ತೊಗಟೆಯನ್ನು ಸ್ಪ್ರೂಸ್ ಬೇರಿನಿಂದ ಹೊಲಿದು ಅಂಟು ಬಳಿದರೆ, ಒಬ್ಬನೇ ಹೆಗಲ ಮೇಲೆ ಹೊತ್ತು ಸಾಗಬಲ್ಲ ದೋಣಿಯಾಗುತ್ತದೆ. ಇರೊಕ್ವಾಯ್‌ಗಳಿಗೆ ಒದಗಿದ್ದು ಎಲ್ಮ್ ತೊಗಟೆ. ದೋಣಿಗೆ ಅದು ಭಾರ, ಮನೆಗೆ ಮಾತ್ರ ಹೇಳಿ ಮಾಡಿಸಿದ ಹಾಗೆ.

ಆ ಮನೆಯನ್ನು ನಾವಿಬ್ಬರೂ ವಿಕ್ಟರ್ ಎಂಬ ಊರಿನ ಬಳಿಯ ಗನೊಂಡಗನ್‌ನಲ್ಲಿ ನೋಡಿದೆವು, ನೆನಪಿದೆಯೇ? 1687ರಲ್ಲಿ ಫ್ರೆಂಚ್ ಸೇನೆಯ ದಾಳಿಯಲ್ಲಿ ಹಾಳಾದ ಸೆನೆಕ ಊರಿನ ಜಾಗದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದು. ನಡುವೆ ಸಾಲು ಒಲೆಗಳು, ಎರಡೂ ಬದಿಗೆ ಜಗಲಿ, ಮೇಲೆ ಜಡೆ ಹೆಣೆದು ತೂಗುಬಿಟ್ಟ ಜೋಳ. ನೀನು ಫೋಟೊ ತೆಗೆಯುತ್ತಿದ್ದೆ. ನನಗೆ ನಮ್ಮ ತರವಾಡು ಮನೆ ಕಣ್ಣಿಗೆ ಕಟ್ಟಿತು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ. ಮಕ್ಕಳು ತಾಯಿಯ ಕುಲದವರು. ಮುಖಂಡನ ಪಟ್ಟ ಮಗನಿಗೆ ಹೋಗದೆ ಸಹೋದರನಿಗೋ ಸೋದರಿಯ ಮಗನಿಗೋ ಹೋಗುತ್ತದೆ. ಅಳಿಯಕಟ್ಟು ತಿಳಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಯಜಮಾನಿಕೆ ಹೆಚ್ಚಾಗಿ ನನ್ನಂಥ ಮಾವಂದಿರ ಕೈಯಲ್ಲೇ ಉಳಿಯಿತು. ಅಲ್ಲಿ ಐವತ್ತು ಮುಖಂಡರನ್ನು ಆರಿಸುವವರು ಕುಲಮಾತೆಯರು. ಮುಖಂಡತ್ವದ ಗುರುತು ಜಿಂಕೆಯ ಕೊಂಬು. ದಾರಿ ತಪ್ಪಿದವನನ್ನು ಮೂರು ಸಲ ಎಚ್ಚರಿಸುತ್ತಾರೆ, ಕೇಳದಿದ್ದರೆ ಕೊಂಬು ಕಿತ್ತುಕೊಳ್ಳುತ್ತಾರೆ. ‘ನಿನಗೇನು ಕೊಂಬು ಬಂದಿದೆಯೇ’ ಎಂದು ನನ್ನನ್ನು ಗದರುತ್ತಿದ್ದ ನಿನ್ನ ಅಜ್ಜಿ ಇದನ್ನು ಕೇಳಬೇಕಿತ್ತು.

ಇದೂ ಎಡಗಡೆಗೆ ಮಾತ್ರ ಸೇರಿದ್ದಲ್ಲ. ಒಜಿಬ್ವೆಗಳಲ್ಲಿ ಕುಲ ತಂದೆಯಿಂದ ಬರುತ್ತದೆ, ನಿಜ. ಆದರೆ ಲೆನಾಪೆಗಳು ತಾಯಿಯ ಕುಲದವರು. ಪೌಹಾಟನ್ ಪಟ್ಟವೂ ಹೆಣ್ಣಿನ ಕಡೆಯಿಂದಲೇ ಇಳಿಯುತ್ತಿತ್ತು. ಅವರೂ ಅಲ್ಗಾಂಕ್ವಿಯನ್ನರೇ.

ಪಟ್ಟಿಯನ್ನು ಹರಿದುಹಾಕು ಎನ್ನುವುದಿಲ್ಲ. ನಡುವೆ ಮೂರನೆಯ ಕಾಲಮ್ ಒಂದನ್ನು ಎಳೆ, ಕೊಟ್ಟು ತಂದದ್ದಕ್ಕೆ. ಹ್ಯೂರಾನರ ಜೋಳ ಉತ್ತರದ ಬೇಟೆಗಾರರಿಗೆ ಹೋಗಿ, ತೊಗಲು, ಮೀನು ಈ ಕಡೆ ಬರುತ್ತಿದ್ದವು. ಒಕ್ಕೂಟದ ಒಪ್ಪಂದಗಳನ್ನು ನೆನಪಿಡಲು ಮಣಿ ಪೋಣಿಸಿ ಮಾಡಿದ ವಾಂಪಮ್ ಎಂಬ ಪಟ್ಟಿಗಳಿಗೆ ಬೇಕಾದ ಚಿಪ್ಪು ಕಡಲ ತೀರದ ಅಲ್ಗಾಂಕ್ವಿಯನ್ನರ ಕಡೆಯಿಂದ ಬಂದದ್ದು.

ಇನ್ನೊಂದು ಮಾತು. ಪಾಠದ ತುಂಬ ‘ಬೆಳೆಯುತ್ತಿದ್ದರು’, ‘ಆರಿಸುತ್ತಿದ್ದರು’ ಎಂದೇ ಬರೆದಿದ್ದೀಯೆ. ಒನೊಂಡಾಗರ ನೆಲ ನಿನ್ನ ಊರಿನ ದಕ್ಷಿಣಕ್ಕೆ ಕೂಗಳತೆಯಲ್ಲಿದೆ. ಒಕ್ಕೂಟದ ಮಹಾಸಭೆ ಇಂದಿಗೂ ಅಲ್ಲೇ ಸೇರುತ್ತದೆ, ಕುಲಮಾತೆಯರು ಇಂದಿಗೂ ಆರಿಸುತ್ತಾರೆ. 2010ರಲ್ಲಿ ಒಕ್ಕೂಟದ ಲಕ್ರಾಸ್ (ಬಲೆ ಕಟ್ಟಿದ ಕೋಲಿನ ಚೆಂಡಾಟ) ತಂಡ ತಮ್ಮದೇ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿಗೆ ಹೊರಟು, ಆ ದೇಶ ಬಿಟ್ಟುಕೊಳ್ಳದೆ ಪಂದ್ಯಾವಳಿಯನ್ನೇ ಕಳೆದುಕೊಂಡಿತು. ನಿನ್ನ ತರಗತಿಯ ಮೂರನೆಯ ಬೆಂಚಿನಲ್ಲೇ ಆ ಜನಾಂಗದ ಮಗುವೊಂದು ಕುಳಿತಿದ್ದೀತು. ಅದರ ಎದುರು ನಿಂತು ‘ಇದ್ದರು’ ಎನ್ನುವೆಯಾ?

ತಿದ್ದಿದ ಕರಡನ್ನು ಕಳುಹಿಸು. ಕೆಂಪು ಪೆನ್ನು ಮುಟ್ಟುವುದಿಲ್ಲ ಎಂದು ಮಾತ್ರ ಭಾಷೆ ಕೊಡಲಾರೆ.

ಇಂತು ನಿನ್ನ ಮಾವ