ಮೂಳೆ ಕೂಡಿದ ಮೇಲೆ ನೋವು ಯಾಕೆ ಎಂದು ಕೇಳಿದ ವಿಮಾ ಕಂಪನಿಗೆ

ಗೆ,
ಮುಖ್ಯಸ್ಥರು, ಕ್ಲೇಮ್ ವಿಭಾಗ

ವಿಷಯ: ಸಿಆರ್‌ಪಿಎಸ್ (ಪೆಟ್ಟು ಮಾಯ್ದ ಮೇಲೂ ಬಿಡದ ನೋವಿನ ಕಾಯಿಲೆ) ಚಿಕಿತ್ಸೆಯ ಕ್ಲೇಮ್ ತಿರಸ್ಕಾರ ಮತ್ತು ನಿಮ್ಮ ಪರಿಶೀಲನಾ ವೈದ್ಯರ ವರ್ತನೆ

ಮಾನ್ಯರೇ,

ಫೋನ್ ಮಾಡಿ ಕೇಳಿದ್ದಾಯಿತು, ಇಮೇಲ್ ಬರೆದದ್ದೂ ಆಯಿತು. ಪ್ರತಿ ಸಲವೂ ನನ್ನ ತಾಳ್ಮೆಗೆ ಧನ್ಯವಾದ ಹೇಳಿದಿರಿ. ನಿಮ್ಮ ತಿರಸ್ಕಾರ ಪತ್ರ ಓದಿದ ಮೇಲೆ ಆ ತಾಳ್ಮೆ ಉಳಿದಿಲ್ಲ. ಪತ್ರದಲ್ಲಿ ಕಾರಣ ಒಂದೇ ಸಾಲು: "ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ಮುಂದಿನ ಚಿಕಿತ್ಸೆಯ ಅಗತ್ಯ ಕಂಡುಬಂದಿಲ್ಲ."

ಮೂಳೆ ಕೂಡಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಅದರ ಬಿಲ್ಲು ನೀವೇ ಕಟ್ಟಿದ್ದೀರಿ. ಈಗಿನ ಕ್ಲೇಮ್, ಮಣಿಕಟ್ಟಿನ ಪ್ಲಾಸ್ಟರ್ ತೆಗೆದ ಮೇಲೆ ಶುರುವಾದ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್‌ಗೆ, ಅಂದರೆ ಸಿಆರ್‌ಪಿಎಸ್‌ಗೆ ಸಂಬಂಧಿಸಿದ್ದು. ಕೈ ಊದಿಕೊಂಡಿದೆ. ಒಮ್ಮೆ ಕೆಂಪಾಗಿ ಬಿಸಿಯಾಗುತ್ತದೆ, ಒಮ್ಮೆ ನೀಲಿಗಟ್ಟಿ ತಣ್ಣಗಾಗುತ್ತದೆ. ಅದೊಂದೇ ಕೈ ಬೆವರುತ್ತದೆ. ಅಂಗಿಯ ತೋಳು ಸೋಕಿದರೂ ಕೆಂಡ ಇಟ್ಟ ಹಾಗೆ ಉರಿ.

ಆದ ಪೆಟ್ಟಿಗಿಂತ ನೋವು ಎಷ್ಟೋ ಪಟ್ಟು ಜಾಸ್ತಿ ಇರುವುದೇ ಈ ಕಾಯಿಲೆಯ ಗುರುತು. ಪತ್ತೆ ಮಾಡಲು ಬುಡಾಪೆಸ್ಟ್ ಮಾನದಂಡ ಅಂತ ಇದೆ. 2003ರಲ್ಲಿ ತಜ್ಞರು ಆ ಊರಿನಲ್ಲಿ ಸೇರಿ ಚರ್ಚಿಸಿದ್ದರಿಂದ ಆ ಹೆಸರು. ಸ್ಪರ್ಶ, ಚರ್ಮದ ಬಣ್ಣ ಮತ್ತು ಬಿಸಿ, ಊತ ಮತ್ತು ಬೆವರು, ಚಲನೆ ಹಾಗೂ ಉಗುರು ಕೂದಲಿನ ಬದಲಾವಣೆ ಎಂದು ನಾಲ್ಕು ಗುಂಪು. ಮೂರರಲ್ಲಾದರೂ ರೋಗಿಗೆ ತೊಂದರೆ ಇರಬೇಕು, ಎರಡರಲ್ಲಾದರೂ ವೈದ್ಯರ ಕಣ್ಣಿಗೆ ಬೀಳಬೇಕು, ಬೇರೆ ಯಾವ ಕಾಯಿಲೆಯೂ ಇದಕ್ಕೆ ಕಾರಣ ಅನ್ನಿಸಬಾರದು. ಎಕ್ಸ್‌ರೇಯ ಮಾತೇ ಅದರಲ್ಲಿಲ್ಲ. ನನ್ನ ವೈದ್ಯರು ನಾಲ್ಕೂ ಗುಂಪಿನ ಲಕ್ಷಣ ನೋಡಿ ಬರೆದುಕೊಟ್ಟ ಹಾಳೆ ನಿಮ್ಮ ಕಡತದಲ್ಲೇ ಇದೆ.

ಈಗ ನಿಮ್ಮ ಪರಿಶೀಲನಾ ವೈದ್ಯರ ವಿಡಿಯೊ ಕರೆಯ ವಿಚಾರ. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರು. ಎಂಟು ಎಂದೆ. "ಎಂಟು ಇದ್ರೆ ಇಷ್ಟು ಸಲೀಸಾಗಿ ಮಾತಾಡಕ್ಕಾಗುತ್ತಾ ಮೇಡಂ?" ಎಂದರು. ನಾನು ಬಾಯಿಂದ ಮಾತಾಡುತ್ತಿದ್ದೆ ಸ್ವಾಮಿ, ಕೈಯಿಂದ ಅಲ್ಲ. ಎರಡೂ ಕೈ ಕ್ಯಾಮೆರಾ ಮುಂದೆ ಹಿಡಿಯಲು ಹೇಳಿದರು. ಹಿಡಿದೆ. "ಎರಡೂ ಒಂದೇ ಥರ ಇದೆಯಲ್ಲ, ಲೈಟ್ ಹಾಕಿ." ಹಾಕಿದೆ. ಹತ್ತಿರ ತನ್ನಿ, ಇನ್ನೂ ಹತ್ತಿರ, ತಿರುಗಿಸಿ, ಮುಷ್ಟಿ ಕಟ್ಟಿ. ಬೆರಳು ಅರ್ಧಕ್ಕೇ ನಿಂತವು. "ನೀವು ಪ್ರಯತ್ನಾನೇ ಮಾಡ್ತಿಲ್ಲ." ಅಷ್ಟರಲ್ಲಿ ಅವರಿಗೆ ಇನ್ನೊಂದು ಫೋನ್ ಬಂತು. ಯಾರದೋ ಮದುವೆಗೆ ಹೋಗುವ ಮಾತು. ಕೈ ಇಳಿಸಲೇ ಎಂದು ಕೇಳಿದೆ. ಹಾಗೇ ಇರಲಿ ಎಂದು ಸನ್ನೆ ಮಾಡಿದರು. ಮದುವೆಗೆ ಯಾವ ಗಾಡಿಯಲ್ಲಿ ಹೋಗುವುದು ಎಂದು ತೀರ್ಮಾನವಾಗುವವರೆಗೂ ನಾನು ಕೈ ಎತ್ತಿಕೊಂಡೇ ಕೂತಿದ್ದೆ. ಆಮೇಲೆ ಒಂದು ಟವೆಲ್ ತರಿಸಿ, ಕೈ ಮೇಲೆ ಎಳೆಯುವಂತೆ ನನ್ನ ಮಗಳಿಗೆ ಹೇಳಿದರು. ಸೋಕಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂತು. "ಟವೆಲ್ಲಿಗೇ ಹೀಗಾ?" ಎಂದು ನಕ್ಕರು, ಮಗಳ ಎದುರಿಗೇ.

ಹೌದು, ಟವೆಲ್ಲಿಗೇ ಹಾಗೆ. ಮೆಲ್ಲಗೆ ಸೋಕಿದರೂ ನೋವಾಗುವುದಕ್ಕೆ ಅಲೋಡೀನಿಯಾ ಅಂತಾರೆ, ಮಾನದಂಡದ ಮೊದಲ ಗುಂಪಿನಲ್ಲೇ ಇದೆ. ಅವರ ವರದಿಯಲ್ಲಿ ಮಾತ್ರ ಅದು "ರೋಗಿ ಪರೀಕ್ಷೆಗೆ ಸಹಕರಿಸಲಿಲ್ಲ" ಎಂದಾಗಿದೆ. ಲಕ್ಷಣವನ್ನು ಕಣ್ಣಾರೆ ಕಂಡು, ಅದನ್ನೇ ಕಾಯಿಲೆ ಇಲ್ಲ ಎನ್ನಲು ಬಳಸುವುದಕ್ಕೂ ಒಂದು ಪ್ರತಿಭೆ ಬೇಕು ಬಿಡಿ. ಗುಂಡೇಟಿನ ಗಾಯ ಮಾಯ್ದ ಮೇಲೂ ಸೈನಿಕರನ್ನು ಕಾಡುವ ಇಂಥ ಉರಿನೋವಿನ ಬಗ್ಗೆ ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ 1864ರಲ್ಲೇ ಬರೆದಿದ್ದರು. ನಿಮ್ಮ ಕಚೇರಿಗೆ ಅಂಚೆ ಸ್ವಲ್ಪ ತಡ ಅನ್ನಿಸುತ್ತದೆ.

ಮಿರರ್ ಥೆರಪಿಯ ಬಿಲ್ಲಿಗೆ ಕೊಟ್ಟ ಕಾರಣ ಇನ್ನೂ ಚೆಂದ: "ಸೌಂದರ್ಯ ಚಿಕಿತ್ಸೆ, ಪಾಲಿಸಿಗೆ ಒಳಪಡುವುದಿಲ್ಲ." ಕನ್ನಡಿ ಅಂದ ಕೂಡಲೇ ನಿಮಗೆ ಪೌಡರ್ ನೆನಪಾಯಿತೇ? ನೋವಿನ ಕೈಯನ್ನು ಕನ್ನಡಿಯ ಹಿಂದೆ ಇಟ್ಟು, ಒಳ್ಳೆಯ ಕೈ ಆಡಿಸಿ ಅದರ ಬಿಂಬ ನೋಡಬೇಕು. ನೋವಿನ ಕೈಯೇ ಆರಾಮಾಗಿ ಆಡುತ್ತಿದೆ ಎಂದು ಮಿದುಳಿಗೆ ಕಾಣಿಸುವ ವ್ಯಾಯಾಮ ಅದು. ಫಿಸಿಯೋಥೆರಪಿಯ ಒಂದು ಭಾಗ. ತಜ್ಞರು ಬರೆದುಕೊಟ್ಟ ಫಿಸಿಯೋಥೆರಪಿಗೆ ಹಣ ಕೊಡುತ್ತೇವೆ ಎಂದು ನಿಮ್ಮ ಪಾಲಿಸಿಯಲ್ಲೇ ಇದೆ. ಅದನ್ನು ನಿಮಗೆ ಓದಿ ಹೇಳಬೇಕಿಲ್ಲ, ಬರೆದವರು ನೀವೇ ಅಲ್ವಾ?

ನಿಮ್ಮ ಕಾಲ್ ಸೆಂಟರಿನವರು "ಸುಮ್ನೆ ರೆಸ್ಟ್ ತಗೊಳ್ಳಿ ಮೇಡಂ" ಎಂದು ಬಿಟ್ಟಿ ಸಲಹೆಯನ್ನೂ ಕೊಟ್ಟರು. ಈ ಕಾಯಿಲೆಯಲ್ಲಿ ಕೈ ಆಡಿಸದೆ ಇಟ್ಟರೆ ಕೀಲು ಬಿಗಿದು ಸ್ಥಿತಿ ಇನ್ನಷ್ಟು ಹದಗೆಡುತ್ತದೆ. ಆಡಿಸಲು ನೋವು ಬಿಡುವುದಿಲ್ಲ. ಅದಕ್ಕೇ ನನ್ನ ವೈದ್ಯರು ಕುತ್ತಿಗೆಯಲ್ಲಿ ನರಗಳಿಗೆ ಇಂಜೆಕ್ಷನ್ ಕೊಟ್ಟು, ನೋವು ತಗ್ಗಿದ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಬೇಕೆಂದು ಬರೆದದ್ದು. ಚಿಕಿತ್ಸೆ ಬೇಗ ಶುರುವಾದಷ್ಟೂ ಕೈ ಮರಳುವ ಆಸೆ ಜಾಸ್ತಿ. ನಿಮ್ಮ ಕಡತ ಮೇಜಿಂದ ಮೇಜಿಗೆ ಸುತ್ತುವಷ್ಟು ದಿನವೂ ನನ್ನ ಬೆರಳು ಮಡಚುವುದು ಕಡಿಮೆಯಾಗುತ್ತಿದೆ.

ಕ್ಲೇಮ್ ಮರುಪರಿಶೀಲಿಸಿ ಎಂದು ಕೇಳಿಕೊಳ್ಳುವ ಉದ್ದೇಶದಿಂದಲೇ ಈ ಪತ್ರ ಬರೆಯಲು ಕೂತಿದ್ದೆ. ಈಗ ಆ ಆಸೆ ಇಲ್ಲ. ಇದರ ಪ್ರತಿ, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗುತ್ತಿದೆ. ಪರಿಶೀಲನಾ ವೈದ್ಯರ ಮೇಲೆ ವೈದ್ಯಕೀಯ ಮಂಡಳಿಗೆ ಬೇರೆಯೇ ದೂರು ಹೋಗುತ್ತದೆ. ಅಲ್ಲೂ ಮುಗಿಯದಿದ್ದರೆ ಗ್ರಾಹಕ ನ್ಯಾಯಾಲಯ. ಕೇಳುತ್ತಿರುವುದು ಒಂದೇ. "ಗುಣಮಟ್ಟದ ದೃಷ್ಟಿಯಿಂದ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದು ಶುರುವಿನಲ್ಲಿ ಹೇಳಿದಿರಲ್ಲ, ಆ ವಿಡಿಯೊ ಅಳಿಸಬೇಡಿ. ಮದುವೆಯ ಮಾತೂ ಸೇರಿ ಅದನ್ನು ಅಲ್ಲಿ ಪೂರ್ತಿ ಹಾಕಿಸುತ್ತೇನೆ.

ಇಂತಿ,
ಎಡಗೈಯಲ್ಲಿ ಸಹಿ ಮಾಡಿದ ನಿಮ್ಮ ಪಾಲಿಸಿದಾರೆ