ಖಾಲಿ ಇದೆ ಮಾಮ ಅಂದೆಯಲ್ಲ

ಚಿ. ಅಳಿಯನಿಗೆ ಮಾಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ. ಆರಿದ್ರಾ ಮಳೆ ಹಿಡಿದು ಕೂತಿದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯೋಣ ಅಂದರೆ ಅರ್ಧ ದಿನದ ಹೊಳವೂ ಸಿಗುತ್ತಿಲ್ಲ. ಕರೆಂಟು ಹೋಗಿ ಮೂರು ದಿನ ಆಯಿತು, ಟವರ್ ಕೂಡ ಸತ್ತಿದೆ. ಟವರ್ ಇದ್ದರೂ ಫೋನ್ ಮಾಡುತ್ತಿರಲಿಲ್ಲ ಬಿಡು. ನೀನು 'ಹೂಂ ಮಾಮ, ಹೂಂ ಮಾಮ' ಅನ್ನುತ್ತಲೇ ಮಂಡಿಯ ತಕ್ಕಡಿ ನೋಡುತ್ತಿರುತ್ತೀಯ. ಅದಕ್ಕೇ ಈ ಕಾಗದ.

ಭಾನುವಾರ ಕಳಿಸಿದ್ದೆಯಲ್ಲ ವಿಡಿಯೋ, ಹೊಸ ಪಿಸ್ತೂಲು ತಗೊಂಡು ಮೊದಲ ಸಲ ಫೈರಿಂಗ್ ರೇಂಜಿಗೆ ಹೋಗಿದ್ದು. ಹನ್ನೆರಡು ಸೆಕೆಂಡಿನದು. ಕರೆಂಟು ಹೋಗುವುದರೊಳಗೆ ಅದನ್ನು ಇಪ್ಪತ್ತು ಸಲವಾದರೂ ನೋಡಿರಬೇಕು. ನಿನ್ನ ಅತ್ತೆ ಒಂದು ಸಲ ನೋಡಿ 'ಎಷ್ಟು ಚಂದ ಕಾಣ್ತಾನೆ' ಅಂದಳು. ನಾನು ನೋಡಿದ್ದು ನಿನ್ನ ಮುಖವನ್ನಲ್ಲ, ಕೈಯನ್ನು.

ಕೊನೆಯ ಗುಂಡು ಹೊಡೆದೆ. ಗುಂಡು ತುಂಬುವ ಮ್ಯಾಗಜಿನ್ ಕಿತ್ತು ಟೇಬಲ್ ಮೇಲಿಟ್ಟೆ. ಆಮೇಲೆ ಪಿಸ್ತೂಲು ಕೈಯಲ್ಲಿ ಹಿಡಿದುಕೊಂಡೇ ಕ್ಯಾಮೆರಾ ಕಡೆ ತಿರುಗಿ, ನಗುತ್ತಾ, 'ಖಾಲಿ ಇದೆ ಮಾಮ' ಅಂದೆ. ಬೆರಳು ಟ್ರಿಗರ್ ಮೇಲೇ ಇತ್ತು. ವಿಡಿಯೋ ತೆಗೆಯುತ್ತಿದ್ದವನ ಹೊಟ್ಟೆಗೆ ನೇರ ನಳಿಗೆ. ಅಷ್ಟರಲ್ಲಿ ಪಕ್ಕದಿಂದ ಒಂದು ಖಾಕಿ ತೋಳು ಬಂದು ನಿನ್ನ ಮಣಿಕಟ್ಟು ಹಿಡಿಯಿತು, ವಿಡಿಯೋ ಮುಗಿಯಿತು. ಆ ತೋಳಿನವರು ಯಾರೋ ಏನೋ, ಮುಂದಿನ ಸಲ ಹೋದಾಗ ಅವರಿಗೊಂದು ನಮಸ್ಕಾರ ಹೇಳು. ನಾಲ್ಕು ಜನರ ಮುಂದೆ ಬೈದರು ಅಂತ ನಿನಗೆ ಬೇಜಾರಾಗಿದೆಯಂತೆ. ನಾನಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ.

ಮೊದಲು ಆ 'ಖಾಲಿ' ವಿಷಯ. ನಮ್ಮ ತೋಟೆ (ಕಾರ್ಟ್ರಿಜ್) ಕೋವಿಯ ನಳಿಗೆ ಮಡಚಿದರೆ ಬೆಳಕು ಆಚೆ ಕಾಣುತ್ತದೆ, ಖಾಲಿಯೋ ಅಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ನಿನ್ನ .32 ಪಿಸ್ತೂಲು ಹಾಗಲ್ಲ. ಮ್ಯಾಗಜಿನ್ ಕಿತ್ತರೂ ನಳಿಗೆಯ ಬುಡದಲ್ಲಿ, ಚೇಂಬರಿನಲ್ಲಿ, ಒಂದು ಗುಂಡು ಸುಮ್ನೆ ಕೂತಿರಬಹುದು. ಪ್ರತಿ ಸಲ ಗುಂಡು ಹಾರಿದಾಗಲೂ ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದೆ ಹೋಗಿ, ಸುಟ್ಟ ಕೇಸನ್ನು, ಅಂದರೆ ಗುಂಡಿನ ಖಾಲಿ ಚಿಪ್ಪನ್ನು, ಎಸೆದು, ಹೊಸ ಗುಂಡನ್ನು ಒಳಗೆ ತಳ್ಳಿಬಿಡುತ್ತದೆ. ನೀನು ಎಣಿಸಿದ್ದು ಒಂದು ತಪ್ಪಿದ್ದರೆ ಸಾಕು. ಮೊದಲು ಮ್ಯಾಗಜಿನ್ ಕೀಳಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಈ ಕ್ರಮ ತಿರುಗುಮುರುಗು ಮಾಡಬೇಡ. ಮ್ಯಾಗಜಿನ್ ಇದ್ದಾಗಲೇ ಸ್ಲೈಡ್ ಎಳೆದರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಒಳಗೆ ಹೋಗುತ್ತದೆ. ನೀನು ಬಿದ್ದಿದ್ದನ್ನು ನೋಡಿ ಖಾಲಿಯಾಯ್ತು ಅಂದುಕೊಳ್ಳುತ್ತೀಯ. ಸ್ಲೈಡನ್ನು ಹಿಂದಕ್ಕೆ ಲಾಕ್ ಮಾಡಿ ಒಳಗೆ ಇಣುಕಿ ನೋಡು. ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡು. ಇಷ್ಟೂ ಆಗುವವರೆಗೆ ನಳಿಗೆ ಗುರಿ ಹಲಗೆಯ ಕಡೆಗೇ ಇರಬೇಕು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಬರೆಯುತ್ತೇನೆ. ಐವತ್ತು ವರ್ಷ ದಾಟಿತು. ಆಯುಧಪೂಜೆ ದಿನ. ಅಪ್ಪಯ್ಯ ಕೋವಿ ಒರೆಸಿ ಪೂಜೆಗೆ ಇಡು ಅಂದರು. ನನಗೆ ಹತ್ತೊಂಬತ್ತು, ಕಾಲೇಜಿನ ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದು ಬಂದಿದ್ದೆ, ನನಗಿಂತ ತಿಳಿದವರು ಊರಲ್ಲೇ ಇಲ್ಲ ಅಂತ ಅಹಂಕಾರ. ಹಿಂದಿನ ರಾತ್ರಿ ಹಂದಿ ಬಂತು ಅಂತ ಅಪ್ಪಯ್ಯ ತೋಟೆ ತುಂಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಮಡಚಿ ನೋಡಲೂ ಇಲ್ಲ. ಜಗಲಿಯಲ್ಲಿ ಕೂತು ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಕೋವಿಯ ಕುದುರೆ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆ, ಎಳೆದೆ. ಎಣ್ಣೆ ಕೈ ಜಾರಿತು.

ಸದ್ದು ಅಂತ ನೆನಪಿಲ್ಲ. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಕುಯ್ ಅನ್ನುತ್ತಿತ್ತು. ಅಮ್ಮ ಬಾಯಿ ತೆರೆದು ಓಡಿ ಬರುತ್ತಿದ್ದಳು, ಆದರೆ ಧ್ವನಿ ಇಲ್ಲ. ಬಚ್ಚಲಿನ ಬಾಗಿಲಲ್ಲಿ ತಾಮ್ರದ ಹಂಡೆಯನ್ನು ತೊಳೆಯಲೆಂದು ಕವುಚಿ ಹಾಕಿದ್ದರು. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಹಂಡೆಗೆ ಬಳಿದ ಹುಣಸೆಹಣ್ಣು ಇನ್ನೂ ಹಸಿಯಾಗೇ ಇತ್ತು. ಹಂಡೆ ಉಜ್ಜುತ್ತಾ ಅಲ್ಲಿ ಕೂತಿದ್ದವಳು ನಿನ್ನ ಅಮ್ಮ. ಆಗ ಅವಳಿಗೆ ಆರು ವರ್ಷ. ಕುಂಕುಮದ ಭರಣಿ ತರಲು ಎದ್ದು ಒಳಗೆ ಹೋಗಿ ಒಂದು ನಿಮಿಷ ಆಗಿತ್ತೋ ಇಲ್ಲವೋ.

ಅಪ್ಪಯ್ಯ ಬೈಯಲಿಲ್ಲ. ಕೋವಿ ತಗೊಂಡು ಗೋಡೆಗೆ ನೇತುಹಾಕಿ, 'ಊಟಕ್ಕೆ ಬಾ' ಅಂದರು. ಎರಡು ವರ್ಷ ನನಗೆ ಅದನ್ನು ಮುಟ್ಟಲು ಬಿಡಲಿಲ್ಲ.

ಅವತ್ತು ನನ್ನ ಬಾಯಲ್ಲೂ ಬಂದಿದ್ದು 'ಖಾಲಿ ಇತ್ತಲ್ಲ' ಅನ್ನುವ ಮಾತೇ.

ಅದಾದರೂ ಉದ್ದದ ಕೋವಿ. ಅದರ ಬಾಯಿ ಯಾವ ಕಡೆ ಇದೆ ಅಂತ ಅಂಗಳದಲ್ಲಿದ್ದವರಿಗೆಲ್ಲ ಕಾಣುತ್ತದೆ, ತಿರುಗಿಸಬೇಕಾದರೆ ಮೈಯೇ ತಿರುಗಬೇಕು. ಪಿಸ್ತೂಲು ಗೇಣುದ್ದದ್ದು. ಮಣಿಕಟ್ಟು ಸ್ವಲ್ಪ ತಿರುಗಿದರೆ ಪಕ್ಕದವನ ಪಕ್ಕೆಲುಬು. ಅದಕ್ಕೇ ರೇಂಜಿನಲ್ಲಿ ಮಾತಾಡಬೇಕು ಅನ್ನಿಸಿದರೆ ಮೊದಲು ಪಿಸ್ತೂಲನ್ನು ಟೇಬಲ್ ಮೇಲಿಡು, ಆಮೇಲೆ ತಿರುಗು. ಬಿಸಿ ಕೇಸು ಹಾರಿ ಅಂಗಿಯ ಕಾಲರಿನೊಳಗೆ ಬಿದ್ದರೂ ಅಷ್ಟೇ. ಎಷ್ಟೋ ಜನ ಆಗ ಕೈಯಲ್ಲಿ ಪಿಸ್ತೂಲು ಹಿಡಿದೇ ಕುಣಿಯುತ್ತಾರೆ. ಚರ್ಮ ಸುಟ್ಟರೆ ಸುಡಲಿ, ಮೊದಲು ಪಿಸ್ತೂಲು ಕೆಳಗಿಡು. ಮೇಲಿನ ಗುಂಡಿ ಹಾಕಿದ ಅಂಗಿ ತೊಟ್ಟು ಹೋದರೆ ಆ ಗೋಳೇ ಇಲ್ಲ.

ಮನು ಭಾಕರ್ ನೋಡಿದ್ದೀಯಲ್ಲ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಕಂಚು ತಂದ ಹುಡುಗಿ. ಅವಳು ಹೊಡೆಯುವ ಹತ್ತು ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ, ಒಂದು ಅಡಿಕೆಗಿಂತ ಚಿಕ್ಕದು. ಎಲ್ಲರೂ ಅದನ್ನೇ ಹೇಳುತ್ತಾರೆ. ನೀನು ಅವಳ ವಿಡಿಯೋ ಹಾಕಿಕೊಂಡು ಗುಂಡು ಹೊಡೆಯದ ಹೊತ್ತಿನಲ್ಲಿ ಆ ಬೆರಳು ಎಲ್ಲಿರುತ್ತದೆ, ನಳಿಗೆ ಎತ್ತ ಇರುತ್ತದೆ ನೋಡು. ಟೋಕಿಯೋದಲ್ಲಿ ಆಟದ ಮಧ್ಯೆ ಅವಳ ಪಿಸ್ತೂಲೇ ಕೈಕೊಟ್ಟಿತ್ತು. ಒಲಿಂಪಿಕ್ಸಿನಲ್ಲೇ ಹಾಗಾಗುತ್ತದೆ ಅಂದಮೇಲೆ ನಿನ್ನದೂ ಒಂದು ದಿನ ಕೈಕೊಡುತ್ತದೆ. ಟ್ರಿಗರ್ ಎಳೆದರೂ ಗುಂಡು ಹಾರಲಿಲ್ಲ ಅಂದರೆ ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸು, ಕೆಲವು ಸಲ ತಡವಾಗಿ ಹಾರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. 'ಢಂ' ಅನ್ನುವ ಬದಲು 'ಟುಸ್' ಅಂದರೆ ಅಲ್ಲಿಗೇ ನಿಲ್ಲಿಸು. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ನಿನ್ನ ಕೈಯಲ್ಲೇ ಸೀಳುತ್ತದೆ. ನಮ್ಮ ಮಲೆನಾಡಿನಲ್ಲಿ ಥಂಡಿ ಹಿಡಿದ ತೋಟೆ ಹೊಸದೇನಲ್ಲ.

ಇನ್ನು ನೀನು ಕಳಿಸಿದ ಗುರಿ ಕಾಗದ. ನಗು ಬಂತು, ಬೇಜಾರು ಮಾಡ್ಕೋಬೇಡ. ಎಲ್ಲ ತೂತೂ ಕೆಳಗೆ, ಎಡಕ್ಕೆ. 'ಪಿಸ್ತೂಲಿನ ಸೈಟೇ ಸರಿ ಇಲ್ಲ' ಅಂತ ಬರೆದಿದ್ದೀಯ. ಗುರಿ ಹಿಡಿಯುವ ಆ ಸೈಟು ಸರಿಯಾಗೇ ಇದೆ ಮಾರಾಯ. ಬಲಗೈಯವರು ಟ್ರಿಗರನ್ನು ಗಬಕ್ಕನೆ ಎಳೆದರೆ ಹೀಗೇ ಆಗುತ್ತದೆ. ಸದ್ದಿಗೆ ಹೆದರಿ, ಅದು ಬರುವ ಮೊದಲೇ ಮಣಿಕಟ್ಟು ಬಗ್ಗುತ್ತದೆ. ಗೊತ್ತಿರುವವರೊಬ್ಬರಿಗೆ ಹೇಳಿ ಮ್ಯಾಗಜಿನ್ನಿನಲ್ಲಿ ನಿನಗೆ ಗೊತ್ತಾಗದ ಹಾಗೆ ಒಂದೆರಡು ಡಮ್ಮಿ ಗುಂಡು ಸೇರಿಸಿಸು. ಡಮ್ಮಿ ಬಂದಾಗ ಢಂ ಅನ್ನುವುದಿಲ್ಲ, ಆದರೂ ನಿನ್ನ ಕೈ ಕೆಳಗೆ ಕುಕ್ಕುತ್ತದೆ. ಆಗ ನಾಚಿಕೆಯಾಗುತ್ತದೆ, ಒಳ್ಳೆಯದೇ. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕು. ಚೇಂಬರ್ ಎರಡು ಸಲ ನೋಡು. ಗಟ್ಟಿ ಗೋಡೆಯ ಕಡೆ ಹಿಡಿದು, ಸ್ಲೈಡಿನ ಮೇಲೆ ಮುಂದಿನ ಸೈಟಿನ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತು. ಕಣ್ಣು ಮುಂದಿನ ಸೈಟಿನ ಮೇಲಿರಲಿ, ಗುರಿ ಸ್ವಲ್ಪ ಮಸುಕಾದರೆ ಆಗಲಿ.

ಲೈಸೆನ್ಸಿಗೆ ಎಷ್ಟು ಅಲೆದೆ ಅಂತ ಗೊತ್ತು. ಮಂಡಿಯ ದುಡ್ಡು ತಗೊಂಡು ರಾತ್ರಿ ಓಡಾಡುವವನು, ನಾನೇನೂ ಬೇಡ ಅನ್ನಲಿಲ್ಲ. 2016ರ ಆಯುಧ ನಿಯಮದ ಪ್ರಕಾರ ತರಬೇತಿ ಸರ್ಟಿಫಿಕೇಟೂ ಕೊಟ್ಟಿದ್ದೀಯ. ಅದು ಫೈಲಿಗೆ ಸೇರಿದೆ, ಇನ್ನೂ ಕೈಗೆ ಇಳಿದಿಲ್ಲ. ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಮಾಡುತ್ತಾರಲ್ಲ, ಮುಂದಿನ ಸಲ ಕರೆದಾಗ ಹೆಸರು ಕೊಡು.

ವಿಡಿಯೋದಲ್ಲಿ ಹಿಂದಿನಿಂದ ಯಾರೋ 'ತಮ್ಮನ ಮದುವೆ ದಿಬ್ಬಣಕ್ಕೆ ಎರಡು ಹಾರಿಸೋಣ' ಅಂದದ್ದೂ ಕೇಳಿಸಿತು. ನನ್ನ ಕಿವಿ ಇನ್ನೂ ಅಷ್ಟು ಮಂದ ಆಗಿಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಇದಕ್ಕೆಂದೇ ಶಿಕ್ಷೆ ಸೇರಿಸಿದ್ದಾರೆ. ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಅದು ಹಾಗಿರಲಿ. ನಮ್ಮ ಕೋವಿಯ ಸಣ್ಣ ಚರೆ ಸ್ವಲ್ಪ ದೂರ ಹೋಗಿ ಉದುರುತ್ತದೆ. ಪಿಸ್ತೂಲಿನ ಗುಂಡು ಒಂದು ಕಿಲೋಮೀಟರ್ ಹೋದರೂ ಹೋಗಬಹುದು. ಮೇಲೆ ಹೋದದ್ದು ಯಾರ ಅಂಗಳಕ್ಕೆ ಇಳಿಯುತ್ತದೋ.

ಮಳೆಗಾಲದಲ್ಲಿ ತೊಗಲಿನ ಚೀಲದೊಳಗೆ ಪಿಸ್ತೂಲು ಇಟ್ಟಿರಬೇಡ. ತೊಗಲು ನೀರು ಹೀರುತ್ತದೆ, ನಮ್ಮ ಚಪ್ಪಲಿಗೆ ಬೂಷ್ಟು ಬರುವುದು ನೋಡಿಲ್ವಾ. ನಾಲ್ಕು ದಿನಕ್ಕೆ ತುಕ್ಕು ಶುರು. ಒರೆಸಿ, ತೆಳ್ಳಗೆ ಎಣ್ಣೆ ಸವರಿ ಬೀರುವಿನ ಲಾಕರಿನಲ್ಲಿಡು. ಕೊಬ್ಬರಿ ಎಣ್ಣೆ ಅಲ್ಲ, ಬಂದೂಕಿನ ಎಣ್ಣೆ. ಮಂಡಿಯ ಡ್ರಾಯರು ಬೇಡ, ಕಾರಿನ ಡ್ಯಾಶ್‌ಬೋರ್ಡು ಬೇಡವೇ ಬೇಡ. ಪುಟ್ಟಿಗೆ ಈಗ ಮೂರು ವರ್ಷ, ಕುರ್ಚಿ ಎಳೆದು ಹತ್ತುವ ವಯಸ್ಸು.

ಚುನಾವಣೆ ಬಂದಾಗ ಪಿಸ್ತೂಲನ್ನು ಸ್ಟೇಷನ್ನಿಗೆ ಕೊಡು ಅನ್ನುತ್ತಾರೆ. ಗೊಣಗದೆ ಕೊಟ್ಟು ರಸೀದಿ ತಗೋ. ಗೊಣಗುವ ಹಕ್ಕು ತೋಟ ಕಾಯಲು ಕೋವಿ ಇಟ್ಟ ನಮ್ಮಂಥವರಿಗೆ ಮಾತ್ರ ಇದೆ. ಕೋವಿ ಸ್ಟೇಷನ್ನಿನಲ್ಲಿದೆ ಅಂತ ಮಂಗಗಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ.

ಹಾಂ, ಮರೆತೆ. ರೇಂಜಿನಿಂದ ಸೀದಾ ಮಿರ್ಚಿ ಮಂಡಕ್ಕಿ ತಿನ್ನೋಕೆ ಹೋದೆವು ಅಂತ ಬರೆದಿದ್ದೀಯ. ಗುಂಡಿನ ಸೀಸ ಪುಡಿಯಾಗಿ ಕೈಗೆ, ಅಂಗಿಗೆ ಹಿಡಿದಿರುತ್ತದೆ. ಸೋಪು ಹಾಕಿ ತೊಳೆದು ಆಮೇಲೆ ತಿನ್ನು. ಅಂಗಿ ಬದಲಿಸದೆ ಪುಟ್ಟಿಯನ್ನು ಎತ್ತಿಕೊಳ್ಳಬೇಡ.

ಹೊಳವಾದ ಮೇಲೆ ಎಲ್ಲರೂ ಒಂದು ಸಲ ಬಂದು ಹೋಗಿ. ಆ ಹಂಡೆ ಇನ್ನೂ ಅಟ್ಟದ ಮೇಲಿದೆ. ಕಂಚುಗಾರ ಬೆಸುಗೆ ಹಾಕುತ್ತೇನೆ ಅಂದಿದ್ದ, ಅಪ್ಪಯ್ಯ ಬೇಡ ಅಂದರು. ನಿನ್ನನ್ನೊಬ್ಬನನ್ನೇ ಅಟ್ಟಕ್ಕೆ ಹತ್ತಿಸಿ ತೋರಿಸುತ್ತೇನೆ. ನಿನ್ನ ಅಮ್ಮ ಇವತ್ತಿಗೂ ಅದನ್ನು ತುಕ್ಕು ತಿಂದ ತೂತು ಅಂತಲೇ ತಿಳಿದಿದ್ದಾಳೆ, ತಾಮ್ರಕ್ಕೆ ಎಲ್ಲಿಯ ತುಕ್ಕು. ಈ ಕಾಗದವನ್ನೂ ಆ ವಿಡಿಯೋವನ್ನೂ ಅವಳಿಗೆ ತೋರಿಸಬೇಡ.

ಇತಿ,
ನಿನ್ನ ಮಾಮ